ಅಯಾನೈಸರ್ ಮನೆಯ ಗಾಳಿಯನ್ನು ನಿಜಕ್ಕೂ ಸ್ವಚ್ಛ ಮಾಡುತ್ತದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಪ್ಲಗ್‌ಗೆ ಸಿಕ್ಕಿಸುವ ಪುಟ್ಟ ಡಬ್ಬಿ. ಫ್ಯಾನಿಲ್ಲ, ಸದ್ದಿಲ್ಲ, ಫಿಲ್ಟರ್ ಬದಲಾಯಿಸುವ ಖರ್ಚೂ ಇಲ್ಲ. ಕೇಳಿದರೆ ಯಾರಿಗಾದರೂ ಆಸೆ ಆಗುತ್ತದೆ. ಮನೆಯಲ್ಲಿ ಉಬ್ಬಸ ಇರುವ ಮಗುವೋ ವಯಸ್ಸಾದ ಅಪ್ಪ ಅಮ್ಮನೋ ಇದ್ದರಂತೂ ದುಡ್ಡು ಕೊಡೋಕೆ ಯಾರೂ ಹಿಂದೆ ಮುಂದೆ ನೋಡುವುದಿಲ್ಲ. ಅದಕ್ಕೇ ಈ ಯಂತ್ರ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಅನ್ನೋದು ಕೊಳ್ಳುವ ಮುಂಚೆಯೇ ಗೊತ್ತಿರಬೇಕು. ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಒಂದೇ ಕಡೆ ಉತ್ತರ ಬರೆದಿದ್ದೇನೆ.

ಆ ಡಬ್ಬಿಯ ಒಳಗೆ ಏನಿರುತ್ತದೆ?

ಜಾಸ್ತಿ ಏನೂ ಇರುವುದಿಲ್ಲ. ಮನೆಯ 230 ವೋಲ್ಟ್ ಕರೆಂಟನ್ನು ಕೆಲವು ಸಾವಿರ ವೋಲ್ಟ್‌ಗೆ ಏರಿಸುವ ಒಂದು ಸಣ್ಣ ಸರ್ಕ್ಯೂಟ್, ಅದರ ತುದಿಯಲ್ಲಿ ಚೂಪಾದ ಸೂಜಿ ಅಥವಾ ಕಾರ್ಬನ್ ಎಳೆಗಳ ಪುಟ್ಟ ಬ್ರಷ್. ಅಷ್ಟೊಂದು ವೋಲ್ಟೇಜ್ ಅಷ್ಟು ಸಣ್ಣ ಮೊನೆಯ ಮೇಲೆ ಬಂದು ಕೂತಾಗ ಅದರ ಸುತ್ತಲಿನ ಗಾಳಿಯಲ್ಲೇ ವಿದ್ಯುತ್ ಹರಿಯಲು ಶುರುವಾಗುತ್ತದೆ. ಇದಕ್ಕೆ ಕರೋನಾ ಡಿಸ್ಚಾರ್ಜ್ ಎನ್ನುತ್ತಾರೆ. ವೈರಸ್ಸಿಗೂ ಇದಕ್ಕೂ ಸಂಬಂಧ ಇಲ್ಲ. ಪೂರ್ತಿ ಕತ್ತಲಲ್ಲಿ ನೋಡಿದರೆ ಕೆಲವು ಯಂತ್ರಗಳ ಸೂಜಿ ತುದಿಯಲ್ಲಿ ನೇರಳೆ ಬಣ್ಣದ ಒಂದು ಚುಕ್ಕೆ ಕಾಣಿಸುತ್ತದೆ, ಅದೇ ಇದು.

ಅಲ್ಲಿಂದ ಹೊರಟ ಎಲೆಕ್ಟ್ರಾನ್‌ಗಳು ಗಾಳಿಯ ಆಮ್ಲಜನಕಕ್ಕೆ ಅಂಟಿಕೊಳ್ಳುತ್ತವೆ. ಒಂದು ಎಲೆಕ್ಟ್ರಾನ್ ಜಾಸ್ತಿ ಇರುವ ಆ ಅಣುವೇ ಋಣ ಅಯಾನು, ಅಂದರೆ ಜಾಹೀರಾತುಗಳಲ್ಲಿ ಬರುವ ‘ನೆಗೆಟಿವ್ ಅಯಾನ್’. ಕೆಲವು ಯಂತ್ರಗಳು ಋಣ, ಧನ ಎರಡೂ ಬಗೆಯ ಅಯಾನುಗಳನ್ನು ಬಿಡುತ್ತವೆ. ಅವನ್ನು ಬೈಪೋಲಾರ್ ಎಂದು ಕರೆದು ಮಾರುತ್ತಾರೆ. ಇಷ್ಟಕ್ಕೆಲ್ಲ ಖರ್ಚಾಗುವ ಕರೆಂಟ್ ಕೆಲವೇ ವಾಟ್. ಬಿಲ್ ಬರುವುದಿಲ್ಲ ಅನ್ನೋ ಮಾತು ಹೆಚ್ಚುಕಡಿಮೆ ನಿಜ.

ಇದರಿಂದ ಗಾಳಿ ಹೇಗೆ ಸ್ವಚ್ಛವಾಗುತ್ತದೆ?

ಹಳೇ ಪಿಕ್ಚರ್ ಟ್ಯೂಬ್ ಟಿವಿ ನೆನಪಿದೆಯಾ? ಪರದೆ ಹತ್ತಿರ ಕೈ ತಂದರೆ ರೋಮ ನಿಲ್ಲುತ್ತಿತ್ತು, ದಿನಾ ಒರೆಸಿದರೂ ಅದರ ಮೇಲೆ ಧೂಳು ಕೂರುತ್ತಿತ್ತು. ಚಾರ್ಜ್ ಇರುವ ಜಾಗ ಧೂಳನ್ನು ಎಳೆಯುತ್ತದೆ. ಅಯಾನೈಸರ್ ಅದೇ ತತ್ವವನ್ನು ತಿರುಗಿಸಿ ಬಳಸುತ್ತದೆ, ಇಲ್ಲಿ ಚಾರ್ಜ್ ಆಗುವುದು ಧೂಳು. ಗಾಳಿಯಲ್ಲಿ ತೇಲುವ ಹೊಗೆ, ಪರಾಗ, ಸಣ್ಣ ಕಣಗಳಿಗೆ ಅಯಾನುಗಳು ಹೋಗಿ ಅಂಟುತ್ತವೆ. ಹಾಗೆ ಚಾರ್ಜ್ ಆದ ಕಣ ಹತ್ತಿರ ಸಿಕ್ಕ ಗೋಡೆ, ನೆಲ, ಪರದೆ, ಮೇಜು, ಯಾವುದರ ಕಡೆಗಾದರೂ ಸೆಳೆತಕ್ಕೆ ಸಿಕ್ಕಿ ಹೋಗಿ ಕೂರುತ್ತದೆ. ಕೆಲವು ಕಣಗಳು ಒಂದಕ್ಕೊಂದು ಅಂಟಿ ದಪ್ಪಗಾಗಿ ಕೆಳಗೆ ಬೀಳುತ್ತವೆ.

ಅಷ್ಟೇ. ಧೂಳನ್ನು ಸುಡುವುದಿಲ್ಲ, ಕರಗಿಸುವುದಿಲ್ಲ, ಮಾಯ ಮಾಡುವುದೂ ಇಲ್ಲ. ಹಾಗಾಗಿ ಅಯಾನೈಸರ್ ಬಗ್ಗೆ ಯಾರು ಏನೇ ಹೇಳಲಿ, ನೀವು ಕೇಳಬೇಕಾದ್ದು ಒಂದೇ ಪ್ರಶ್ನೆ: ಧೂಳು ಎಲ್ಲಿಗೆ ಹೋಯ್ತು?

ಸರಿ, ಎಲ್ಲಿಗೆ ಹೋಯ್ತು?

ನಿಮ್ಮ ಗೋಡೆಗೆ. ಧೂಳು ಹಿಡಿಯುವ ಪ್ಲೇಟ್ ಇಲ್ಲದ, ಬರೀ ಸೂಜಿಯ ಅಯಾನೈಸರನ್ನು ಒಂದೇ ಜಾಗದಲ್ಲಿ ಕೆಲವು ತಿಂಗಳು ಇಟ್ಟು ನೋಡಿ. ಅದರ ಹಿಂದಿನ ಗೋಡೆಯಲ್ಲಿ ಮಸಿ ಬಳಿದ ಹಾಗೆ ಒಂದು ಕಲೆ ಮೂಡುತ್ತದೆ. ಯಂತ್ರದ ಹತ್ತಿರ ಗಾಢವಾಗಿ, ದೂರ ಹೋದಂತೆ ತೆಳುವಾಗಿ ಇರುತ್ತದೆ. ಒಣ ಬಟ್ಟೆಯಲ್ಲಿ ಉಜ್ಜಿದರೆ ಹೋಗುವ ಬದಲು ಇನ್ನೂ ಹರಡುತ್ತದೆ, ಯಾಕಂದ್ರೆ ಅದು ಬರೀ ಮಣ್ಣಿನ ಧೂಳಲ್ಲ. ಒಗ್ಗರಣೆ ಹೊಗೆಯ ಜಿಡ್ಡು, ಅಗರಬತ್ತಿ ಮಸಿ, ರಸ್ತೆಯ ಡೀಸೆಲ್ ಹೊಗೆ ಎಲ್ಲ ಅದರಲ್ಲಿ ಸೇರಿರುತ್ತದೆ.

ಗೋಡೆ ಮೇಲೆ ಕೂತರೂ ಎದೆಗೆ ಹೋಗುವುದು ತಪ್ಪಿತಲ್ಲ ಅಂತ ನೀವು ಕೇಳಬಹುದು. ಗೋಡೆಯದ್ದು ತಪ್ಪಿತು, ನಿಜ. ಆದರೆ ಹಾಸಿಗೆ, ಸೋಫಾ, ಕಿಟಕಿ ಪರದೆ, ನೆಲದ ಮೇಲೆ ಕೂತದ್ದು ಮಗು ಕುಣಿದರೆ, ಕಸ ಗುಡಿಸಿದರೆ, ಫ್ಯಾನ್ ಜೋರು ಮಾಡಿದರೆ ಮತ್ತೆ ಮೇಲೇಳುತ್ತದೆ. ಇನ್ನೊಂದು ವಿಷಯ ಮಾರುವವರು ಹೇಳುವುದೇ ಇಲ್ಲ. ಗೋಡೆ ತಲುಪುವ ಮುಂಚೆ ಆ ಕಣ ನಿಮ್ಮ ಉಸಿರಿಗೆ ಸಿಕ್ಕರೆ, ಚಾರ್ಜ್ ಇಲ್ಲದ ಕಣಕ್ಕಿಂತ ಅದು ಶ್ವಾಸನಾಳದ ಒಳಗೆ ಅಂಟಿಕೊಳ್ಳುವ ಸಾಧ್ಯತೆ ಜಾಸ್ತಿ. ಇದನ್ನು ಪ್ರಯೋಗಗಳಲ್ಲಿ ನೋಡಿದ್ದಾರೆ.

ಎಕ್ಸಿಬಿಷನ್ ಸ್ಟಾಲ್‌ನಲ್ಲಿ ಹೊಗೆ ತುಂಬಿದ ಗಾಜಿನ ಡಬ್ಬಿ ಕಣ್ಣೆದುರೇ ತಿಳಿಯಾಯಿತು. ಅದು ಮೋಸವಾ?

ಮೋಸ ಅಲ್ಲ, ಅಲ್ಲಿ ಕಂಡದ್ದು ನಿಜವೇ. ಆದರೆ ಅದರಿಂದ ನಿಮ್ಮ ಕೋಣೆಯ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಸ್ವಲ್ಪ ನಿಧಾನವಾಗಿ ನೋಡೋಣ.

ಮೇಜಿನ ಮೇಲೆ ಗಾಜಿನ ಜಾಡಿ ಇರುತ್ತದೆ. ಅದರೊಳಗೆ ಅಗರಬತ್ತಿ ಹೊಗೆ ತುಂಬಿ ಮುಚ್ಚಳ ಹಾಕುತ್ತಾರೆ. ಬೆಳ್ಳಗೆ ಮಂಜು ಕವಿದ ಹಾಗೆ ಕಾಣುತ್ತದೆ. ಸ್ವಿಚ್ ಒತ್ತುತ್ತಾರೆ. ಹೊಗೆ ಒಂದು ಸಲ ಸುಳಿ ತಿರುಗಿ ಅಂಚಿಗೆ ನುಗ್ಗುತ್ತದೆ, ಕೆಲವೇ ಸೆಕೆಂಡಿನಲ್ಲಿ ಜಾಡಿಯ ಆಚೆ ಇರುವವರ ಮುಖ ಸ್ಪಷ್ಟವಾಗಿ ಕಾಣುತ್ತದೆ. ಸುತ್ತ ನಿಂತವರು ಬೆರಗಾಗುತ್ತಾರೆ. ಆಗ ಆ ಜಾಡಿಯ ಒಳಗಿನ ಗಾಜಿಗೆ ಬೆರಳು ಸವರಿ ನೋಡಲು ಕೇಳಿ. ಜಿಡ್ಡು ಹತ್ತುತ್ತದೆ. ಹೊಗೆ ಪೂರ್ತಿ ಅಲ್ಲೇ ಇರುತ್ತದೆ.

ಜಾಡಿಯಲ್ಲಿ ಸೂಜಿಯಿಂದ ಗಾಜಿಗೆ ಒಂದು ಗೇಣು ದೂರವೂ ಇಲ್ಲ. ಚಾರ್ಜ್ ಆದ ಕಣ ಅಷ್ಟು ದೂರ ಓಡಲು ಏನು ಹೊತ್ತು ಬೇಕು? ಗಾಳಿಯೂ ಒಂದೆರಡು ಲೀಟರ್ ಮಾತ್ರ. ಈಗ ನಿಮ್ಮ ಮಲಗುವ ಕೋಣೆಗೆ ಬನ್ನಿ. 10 ಅಡಿ, 12 ಅಡಿ, ಎತ್ತರ 10 ಅಡಿ ಅಂದರೆ 1200 ಘನ ಅಡಿ, ಅಂದರೆ ಸುಮಾರು 34,000 ಲೀಟರ್ ಗಾಳಿ. ಗೋಡೆಗಳು ಅಡಿಗಟ್ಟಲೆ ದೂರ. ಬಾಗಿಲ ಸಂದಿಯಿಂದ, ಕಿಟಕಿಯಿಂದ ಹೊಸ ಧೂಳು ಬರುತ್ತಲೇ ಇರುತ್ತದೆ. ಆ ಯಂತ್ರದಲ್ಲಿ ಗಾಳಿಯನ್ನು ತನ್ನ ಕಡೆ ಎಳೆದುಕೊಳ್ಳಲು ಫ್ಯಾನೂ ಇಲ್ಲ. ಜಾಡಿಯಲ್ಲಿ ಸೆಕೆಂಡಿನಲ್ಲಿ ಆದದ್ದು ಇಲ್ಲಿ ಗಂಟೆಗಟ್ಟಲೆ ಓಡಿಸಿದರೂ ಆಗದೇ ಇರಬಹುದು. ಸ್ಟಾಲ್‌ನವರಿಗೆ ನಯವಾಗಿ ಒಂದು ಮಾತು ಕೇಳಿ: ‘ಇದನ್ನೇ ಈ ಹಾಲ್‌ನಲ್ಲಿ, ಪಿಎಂ 2.5 ಮೀಟರ್ ಇಟ್ಟು ತೋರಿಸ್ತೀರಾ?’ (ಪಿಎಂ 2.5 ಅಂದರೆ ಗಾಳಿಯಲ್ಲಿ ತೇಲುವ, 2.5 ಮೈಕ್ರಾನಿಗಿಂತ ಸಣ್ಣ ಕಣಗಳು.)

ಒಳಗೆ ಲೋಹದ ಪ್ಲೇಟ್ ಇರುವ ಮಾದರಿ ಬರುತ್ತದಲ್ಲ, ಅದು?

ಅದು ಖಂಡಿತ ವಾಸಿ, ಯಾಕಂದ್ರೆ ಧೂಳು ಎಲ್ಲಿಗೆ ಹೋಯ್ತು ಅನ್ನೋ ಪ್ರಶ್ನೆಗೆ ಅದರಲ್ಲಿ ಉತ್ತರ ಇದೆ. ಒಂದು ಕಡೆ ತಂತಿ ಅಥವಾ ಸೂಜಿ ಕಣಗಳನ್ನು ಚಾರ್ಜ್ ಮಾಡುತ್ತದೆ, ಪಕ್ಕದಲ್ಲೇ ಇರುವ ಪ್ಲೇಟ್ ಅವನ್ನು ಹಿಡಿದುಕೊಳ್ಳುತ್ತದೆ. ಇದರ ಹೆಸರು ಎಲೆಕ್ಟ್ರೋಸ್ಟ್ಯಾಟಿಕ್ ಪ್ರೆಸಿಪಿಟೇಟರ್, ಬಾಯಿಮಾತಿನಲ್ಲಿ ಇಎಸ್‌ಪಿ. ಅಮೆರಿಕದ ಫ್ರೆಡರಿಕ್ ಕಾಟ್ರೆಲ್ 1900ರ ದಶಕದಲ್ಲಿ ಕಾರ್ಖಾನೆಯ ಆಮ್ಲದ ಮಂಜನ್ನು ಹಿಡಿಯಲು ಇದನ್ನು ಬಳಕೆಗೆ ತಂದ. ಇವತ್ತಿಗೂ ನಮ್ಮ ರಾಯಚೂರಿನ ಶಾಖೋತ್ಪನ್ನ ವಿದ್ಯುತ್ ಸ್ಥಾವರದಂಥ ಕಡೆ ಕಲ್ಲಿದ್ದಲಿನ ಹಾರುಬೂದಿ ಚಿಮಣಿ ತಲುಪುವ ಮುಂಚೆ ಅದನ್ನು ಹಿಡಿಯುವುದು ಇದೇ ತಂತ್ರದಿಂದ. ಅಲ್ಲಿನ ಪ್ಲೇಟುಗಳು ಕಟ್ಟಡದಷ್ಟು ಎತ್ತರ, ಸುತ್ತಿಗೆಯಿಂದ ಬಡಿದು ಬೂದಿಯನ್ನು ಕೆಳಗೆ ಬೀಳಿಸುವ ವ್ಯವಸ್ಥೆ ಇರುತ್ತದೆ.

ಅಂದರೆ ವಿಜ್ಞಾನ ಗಟ್ಟಿಯಾಗೇ ಇದೆ. ಮನೆಯ ಯಂತ್ರದ ತೊಂದರೆ ಎರಡು. ಒಂದು, ಗಾಳಿ ಸಾಕಷ್ಟು ಓಡುವುದಿಲ್ಲ. ಅಮೆರಿಕದಲ್ಲಿ ಶಾರ್ಪರ್ ಇಮೇಜ್ ಕಂಪನಿಯ ಅಯಾನಿಕ್ ಬ್ರೀಜ್ ಅನ್ನೋ ಫ್ಯಾನಿಲ್ಲದ ಯಂತ್ರ ಒಂದು ಕಾಲಕ್ಕೆ ವಿಪರೀತ ಮಾರಾಟವಾಯಿತು. ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ ಪರೀಕ್ಷೆ ಮಾಡಿ ಇದು ಗಾಳಿಯನ್ನು ಸರಿಯಾಗಿ ಸ್ವಚ್ಛ ಮಾಡುವುದಿಲ್ಲ ಎಂದು ಬರೆಯಿತು. ಕಂಪನಿ 2003ರಲ್ಲಿ ಪತ್ರಿಕೆಯ ಮೇಲೆ ಕೇಸ್ ಹಾಕಿತು, 2004ರಲ್ಲಿ ಕೋರ್ಟ್ ಆ ಕೇಸನ್ನೇ ವಜಾ ಮಾಡಿತು. 2008ರಲ್ಲಿ ಕಂಪನಿ ದಿವಾಳಿಗೆ ಅರ್ಜಿ ಹಾಕಿತು.

ಎರಡನೇ ತೊಂದರೆ, ಪ್ಲೇಟ್ ತೊಳೆಯಬೇಕು. ಮುಖ್ಯರಸ್ತೆ ಪಕ್ಕದ ಮನೆಯಾದರೆ ಬಿಳಿ ಬಟ್ಟೆಯಲ್ಲಿ ಒಮ್ಮೆ ಒರೆಸಿದರೆ ಸಾಕು, ಬಟ್ಟೆ ಕಾಡಿಗೆ ಹಿಡಿದ ಹಾಗೆ ಆಗುತ್ತದೆ. ಧೂಳು ಗಟ್ಟಿಯಾಗಿ ಕೂತಂತೆಲ್ಲ ಹೊಸ ಧೂಳನ್ನು ಹಿಡಿಯುವ ಶಕ್ತಿ ಕುಗ್ಗುತ್ತದೆ, ಒಳಗಿಂದ ಚಟ್ ಚಟ್ ಅಂತ ಸದ್ದು ಬರುತ್ತದೆ. ಮೊದಲ ತಿಂಗಳು ಶ್ರದ್ಧೆಯಿಂದ ತೊಳೆಯುತ್ತೇವೆ, ಆಮೇಲೆ ಮರೆತುಬಿಡುತ್ತೇವೆ. ಬಹಳ ಮನೆಗಳಲ್ಲಿ ನಡೆಯುವುದು ಹೀಗೇ.

ಓಝೋನ್ ಬಿಡುತ್ತದೆ ಅಂತಾರೆ. ಅದು ಒಳ್ಳೆಯದಲ್ವಾ? ಶಾಲೆಯಲ್ಲಿ ಓಝೋನ್ ಪದರ ಕಾಪಾಡುತ್ತದೆ ಅಂತ ಓದಿದ್ವಿ.

ಕಾಪಾಡುವುದು 15 ಕಿಲೋಮೀಟರಿಗಿಂತ ಮೇಲೆ ಇದ್ದಾಗ. ಅಲ್ಲಿ ಅದು ಸೂರ್ಯನ ಅತಿನೇರಳೆ ಕಿರಣವನ್ನು ತಡೆಯುತ್ತದೆ. ಮೂಗಿನ ಹತ್ತಿರ ಬಂದರೆ ಅದೇ ಅನಿಲ ಶ್ವಾಸನಾಳವನ್ನು ಕೆರಳಿಸುತ್ತದೆ. ಕೆಮ್ಮು, ಗಂಟಲು ಉರಿ, ಎದೆ ಬಿಗಿತ ಬರುತ್ತದೆ. ಉಬ್ಬಸ ಇರುವವರಿಗೆ ಅದು ಹೆಚ್ಚಾಗುತ್ತದೆ. ಯಾರಿಗೋಸ್ಕರ ಯಂತ್ರ ತಂದಿರೋ ಅವರಿಗೇ ಮೊದಲು ತೊಂದರೆ. ಇದೊಂದು ವಿಷಯ ನನಗೆ ತುಂಬಾ ಸಂಕಟ ಕೊಡುತ್ತದೆ.

ಆಮ್ಲಜನಕದ ಅಣುವಿನಲ್ಲಿ ಎರಡು ಪರಮಾಣು ಇರುತ್ತವೆ. ಕರೋನಾ ಡಿಸ್ಚಾರ್ಜ್ ಕೆಲವು ಅಣುಗಳನ್ನು ಒಡೆದುಬಿಡುತ್ತದೆ. ಒಂಟಿಯಾದ ಪರಮಾಣು ಇನ್ನೊಂದು ಆಮ್ಲಜನಕದ ಅಣುವಿಗೆ ಸೇರಿಕೊಂಡರೆ ಮೂರು ಪರಮಾಣುಗಳ ಓಝೋನ್ ಆಯಿತು. ಸೂಜಿಯಿಂದ ಅಯಾನು ಮಾಡುವ ಯಂತ್ರ ಸ್ವಲ್ಪವಾದರೂ ಓಝೋನ್ ಮಾಡುವ ಸಾಧ್ಯತೆ ಇದ್ದೇ ಇರುತ್ತದೆ. ಒಳ್ಳೆಯ ವಿನ್ಯಾಸದಲ್ಲಿ ಅದು ತೀರಾ ಕಡಿಮೆ, ಅಗ್ಗದ ಯಂತ್ರದಲ್ಲಿ ಎಷ್ಟು ಅಂತ ಯಾರೂ ಅಳೆದಿರುವುದಿಲ್ಲ. ಸೂಜಿ, ತಂತಿ ಕೊಳೆಯಾದಂತೆ ಇನ್ನೂ ಹೆಚ್ಚಬಹುದು.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಇದನ್ನು ಗಂಭೀರವಾಗಿ ತೆಗೆದುಕೊಂಡಿದೆ. ಅಲ್ಲಿ ಮಾರುವ ಮನೆಬಳಕೆಯ ಏರ್ ಕ್ಲೀನರ್‌ಗಳಿಂದ ಬರುವ ಓಝೋನ್ 0.050 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 0.050 ಭಾಗ) ದಾಟುವಂತಿಲ್ಲ, ಪರೀಕ್ಷೆ ಮಾಡಿಸಿ ಪ್ರಮಾಣಪತ್ರ ತೆಗೆದುಕೊಂಡಿರಬೇಕು. ಇದಕ್ಕಿಂತ ಕಟ್ಟುನಿಟ್ಟಾದ ಯುಎಲ್ 2998 ಅನ್ನೋ ಪ್ರಮಾಣಪತ್ರವೂ ಇದೆ. ಅದಕ್ಕೆ 0.005 ಪಿಪಿಎಂ ಒಳಗೇ ಇರಬೇಕು. ಭಾರತದಲ್ಲಿ ಹೊರಗಿನ ಗಾಳಿಗೆ ಓಝೋನಿನ 8 ಗಂಟೆಯ ಮಿತಿ ಘನ ಮೀಟರಿಗೆ 100 ಮೈಕ್ರೊಗ್ರಾಂ, ಅಂದರೆ ಅದೂ ಸುಮಾರು 0.05 ಪಿಪಿಎಂ. ನೀವು ಕೊಳ್ಳುವ ಡಬ್ಬಿಯ ಮೇಲೆ ಇಂಥ ಯಾವ ಸಂಖ್ಯೆಯೂ ಇಲ್ಲ, ಬರೀ ‘ಸೇಫ್’ ಅಂತ ಬರೆದಿದೆ ಅಂದರೆ ಅದನ್ನು ಮುಟ್ಟಬೇಡಿ.

‘ಓಝೋನ್ ಜನರೇಟರ್’ ಅಂತಲೇ ಮಾರುವ ಯಂತ್ರ ಬೇರೆ. ಅದು ಬೇಕೆಂದೇ ಓಝೋನ್ ಮಾಡುತ್ತದೆ. ಜನ ಇರುವ ಮನೆಯೊಳಗೆ ಅದನ್ನು ಯಾವ ಕಾರಣಕ್ಕೂ ಓಡಿಸಬಾರದು.

ಓಝೋನ್ ಬರ್ತಿದೆ ಅಂತ ನಮಗೆ ಹೇಗೆ ಗೊತ್ತಾಗುತ್ತದೆ?

ವಾಸನೆಯಿಂದ. ಜೆರಾಕ್ಸ್ ಅಂಗಡಿಯಲ್ಲಿ, ಸಿಡಿಲು ಬಡಿದ ಮೇಲೆ ಗಾಳಿಯಲ್ಲಿ ಬರುವಂಥ ಚುರುಕು ವಾಸನೆ, ಸ್ವಲ್ಪ ಬ್ಲೀಚಿಂಗ್ ಪುಡಿಯ ಹಾಗೆ. ತುಂಬಾ ಜನ ಇದನ್ನೇ ‘ಫ್ರೆಶ್’ ವಾಸನೆ ಅಂದುಕೊಂಡು ಖುಷಿಪಡುತ್ತಾರೆ. ಸ್ವಚ್ಛ ಗಾಳಿಗೆ ವಾಸನೆಯೇ ಇರುವುದಿಲ್ಲ. ಮೂಗು ಬೇಗ ಒಗ್ಗಿಕೊಳ್ಳುವುದರಿಂದ ಸ್ವಲ್ಪ ಹೊತ್ತು ಹೊರಗೆ ಹೋಗಿ ಬಂದು ಮೂಸಿ ನೋಡಿ.

ಅಗರಬತ್ತಿ, ಫಿನೈಲ್, ರೂಮ್ ಫ್ರೆಶ್‌ನರ್ ಬಳಸುವ ಮನೆಯಲ್ಲಿ ಅಯಾನೈಸರ್ ಹಾಕಿದರೆ ಏನಾಗುತ್ತದೆ?

ನಿಂಬೆ, ಕಿತ್ತಳೆ, ಪೈನ್ ಪರಿಮಳದ ಕ್ಲೀನರ್‌ಗಳಲ್ಲಿ ಲಿಮೋನೀನ್, ಪೈನೀನ್ ಥರದ ವಸ್ತುಗಳಿರುತ್ತವೆ. ಓಝೋನ್ ಇವುಗಳ ಜೊತೆ ಸೇರಿದರೆ ಫಾರ್ಮಾಲ್ಡಿಹೈಡ್ ಅನ್ನೋ ಹಾನಿಕರ ಅನಿಲ ಹುಟ್ಟುತ್ತದೆ, ಜೊತೆಗೆ ಅತಿ ಸಣ್ಣ ಹೊಸ ಕಣಗಳೂ ಹುಟ್ಟುತ್ತವೆ. ಬೆಳಿಗ್ಗೆ ನೆಲ ಒರೆಸಿ, ಕಿಟಕಿ ಮುಚ್ಚಿ, ಓಝೋನ್ ಬಿಡುವ ಅಯಾನೈಸರ್ ಹಾಕಿದರೆ ಕಣ ತೆಗೆಯಲು ತಂದ ಯಂತ್ರವೇ ಕಣ ಮಾಡುತ್ತಾ ಕೂರುತ್ತದೆ.

ಇಲ್ಲಿ ಇನ್ನೊಂದು ಮಾತು. ಹೊಗೆ ತೆಗೆಯುವ ಯಂತ್ರಕ್ಕಿಂತ ಹೊಗೆ ಮಾಡದಿರುವುದು ಯಾವಾಗಲೂ ಮೇಲು. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಒಂದು ಸೊಳ್ಳೆ ಬತ್ತಿ ಉರಿದು ಮುಗಿಯುವಷ್ಟರಲ್ಲಿ ಬಿಡುವ ಪಿಎಂ 2.5 ಕಣಗಳು 75ರಿಂದ 137 ಸಿಗರೇಟಿಗೆ ಸಮ. ಮಗು ಮಲಗುವ ಕೋಣೆಯಲ್ಲಿ ಸೊಳ್ಳೆ ಬತ್ತಿ ಹಚ್ಚಿ ಪಕ್ಕದಲ್ಲಿ ಅಯಾನೈಸರ್ ಇಡುವ ಬದಲು ಸೊಳ್ಳೆ ಪರದೆ ಕಟ್ಟಿ. ಖರ್ಚೂ ಕಡಿಮೆ.

ವೈರಸ್, ಬ್ಯಾಕ್ಟೀರಿಯಾ 99.9% ಸಾಯುತ್ತವೆ ಅಂತ ಬರೆದಿರುತ್ತಾರೆ. ನಿಜವಾ?

ಆ ಸಂಖ್ಯೆ ಬಂದದ್ದು ಎಂಥ ಡಬ್ಬಿಯಲ್ಲಿ, ಎಷ್ಟು ಹೊತ್ತು ಓಡಿಸಿ ಅನ್ನೋದನ್ನು ಸಣ್ಣ ಅಕ್ಷರದಲ್ಲಿ ಹುಡುಕಿ. ಬಹಳ ಸಲ ಪರೀಕ್ಷೆ ನಡೆದದ್ದು ಪುಟ್ಟ ಮುಚ್ಚಿದ ಪೆಟ್ಟಿಗೆಯಲ್ಲಿ, ಮನೆಯಲ್ಲಿ ಬರುವುದಕ್ಕಿಂತ ಎಷ್ಟೋ ಪಟ್ಟು ಅಯಾನು ಬಿಟ್ಟು.

ಕೋವಿಡ್ ಸಮಯದಲ್ಲಿ ಅಮೆರಿಕದ ಎಷ್ಟೋ ಶಾಲೆಗಳು ಬೈಪೋಲಾರ್ ಅಯಾನೈಸೇಷನ್ ಯಂತ್ರಗಳಿಗೆ ಬೇಕಾದಷ್ಟು ದುಡ್ಡು ಸುರಿದವು. ಆದರೆ ವಿಮಾನ ತಯಾರಿಸುವ ಬೋಯಿಂಗ್ ತಾನೇ ಪರೀಕ್ಷೆ ಮಾಡಿ ನೋಡಿದಾಗ ಸೋಂಕು ನಿವಾರಣೆಯಲ್ಲಿ ಹೇಳಿಕೊಳ್ಳುವಂಥ ಫಲ ಕಾಣಲಿಲ್ಲ. 2021ರಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳ ಸಂಶೋಧಕರು ಅಂಥದ್ದೇ ಒಂದು ಯಂತ್ರವನ್ನು ಪರೀಕ್ಷಿಸಿದರು. ಕಣಗಳ ಮೇಲೆ ಪರಿಣಾಮ ತೀರಾ ಕಮ್ಮಿ. ಗಾಳಿಯಲ್ಲಿನ ಕೆಲವು ರಾಸಾಯನಿಕಗಳು ಇಳಿದವು, ಅಸಿಟೋನ್, ಟಾಲುಯೀನ್ ಥರದ ಬೇರೆ ಕೆಲವು ಏರಿದವು.

ಹಾಗಂತ ಪೂರ್ತಿ ಸುಳ್ಳು ಅಂತಲೂ ಹೇಳಲಾರೆ. ಪೆರು ದೇಶದ ಲಿಮಾದಲ್ಲಿ ಒಂದು ಪ್ರಯೋಗ ನಡೆದಿತ್ತು, 2009ರಲ್ಲಿ ಪ್ರಕಟವಾಯಿತು. ಆಸ್ಪತ್ರೆಯ ಕ್ಷಯದ ವಾರ್ಡಿನ ಗಾಳಿಯನ್ನು ಕೊಳವೆಯಲ್ಲಿ ಎಳೆದು ಗಿನಿ ಇಲಿಗಳ ಗೂಡುಗಳಿಗೆ ಬಿಟ್ಟರು. ಸುಮ್ನೆ ಆ ಗಾಳಿ ಕುಡಿದ ಇಲಿಗಳಲ್ಲಿ 35% ಇಲಿಗಳಿಗೆ ಸೋಂಕು ತಗುಲಿತು. ಅಯಾನೈಸರ್ ಇದ್ದ ಕಡೆ 14%. ವಾರ್ಡಿನ ಮೇಲ್ಭಾಗದಲ್ಲಿ ಅತಿನೇರಳೆ ದೀಪ ಉರಿಸಿದಾಗ 9.5%. ಅಂದರೆ ಅಯಾನೈಸರ್‌ನಿಂದ ಉಪಯೋಗ ಆಯಿತು, ನಿಜವಾದ ಉಪಯೋಗವೇ. ಆದರೆ ಅದು ತಜ್ಞರು ಲೆಕ್ಕ ಹಾಕಿ ಕೂರಿಸಿದ ವ್ಯವಸ್ಥೆ. ಸಾಕೆಟ್ಟಿಗೆ ಸಿಕ್ಕಿಸುವ ಡಬ್ಬಿಗೆ ಆ ಹೆಸರನ್ನು ಕಟ್ಟಿ ಮಾರುವುದು ತಪ್ಪು.

ಕುತ್ತಿಗೆಗೆ ಹಾಕಿಕೊಳ್ಳುವ ಅಯಾನೈಸರ್?

ಬೇಡ. ಗಾಳಿ ತೆರೆದ ಜಾಗದಲ್ಲಿ ಅಷ್ಟು ಸಣ್ಣ ಯಂತ್ರ ನಿಮ್ಮ ಸುತ್ತ ಸ್ವಚ್ಛ ಗಾಳಿಯ ಕೋಟೆ ಕಟ್ಟಲು ಆಗುವುದಿಲ್ಲ. ಅದು ಓಝೋನ್ ಬಿಟ್ಟರೆ ಬಿಡುವುದು ಮೂಗಿನ ಕೆಳಗೇ. ಜನಜಂಗುಳಿಗೆ ಹೋಗುವಾಗ ಮುಖಕ್ಕೆ ಸರಿಯಾಗಿ ಕೂರುವ ಎನ್95 ಮಾಸ್ಕ್ ಹಾಕಿಕೊಳ್ಳಿ.

ನಮ್ಮ ಹುಡುಗನಿಗೆ ದಮ್ಮು, ಧೂಳಿನ ಅಲರ್ಜಿ ಇದೆ. ಅಯಾನೈಸರ್ ತಂದರೆ ಕಮ್ಮಿ ಆಗುತ್ತದಾ?

ಉಬ್ಬಸಕ್ಕೆ ಅಯಾನೈಸರ್ ಬಗ್ಗೆ ನಡೆದ ಅಧ್ಯಯನಗಳನ್ನು ಕಾಕ್ರೇನ್ ಸಂಸ್ಥೆಯವರು ಒಟ್ಟಿಗೆ ಇಟ್ಟು ಪರಿಶೀಲಿಸಿದ್ದಾರೆ. ಶ್ವಾಸಕೋಶದ ಶಕ್ತಿಯಲ್ಲಾಗಲಿ ಲಕ್ಷಣಗಳಲ್ಲಾಗಲಿ ಗಮನಾರ್ಹ ಸುಧಾರಣೆ ಕಾಣಲಿಲ್ಲ ಅನ್ನೋದು ಅವರ ತೀರ್ಮಾನ. ಬೀಜಿಂಗ್‌ನ ಶಾಲಾ ಮಕ್ಕಳ ಮೇಲೆ ನಡೆದ ಇನ್ನೊಂದು ಅಧ್ಯಯನ ಯೋಚನೆಗೆ ಹಚ್ಚುವಂಥದ್ದು. ಅಯಾನೈಸರ್ ಇಟ್ಟ ತರಗತಿಯಲ್ಲಿ ಕಣಗಳು ಕಡಿಮೆಯಾಗಿ ಮಕ್ಕಳ ಉಸಿರಾಟದ ಅಳತೆಗಳು ಸುಧಾರಿಸಿದವು, ಆದರೆ ಹೃದಯ ಬಡಿತದ ಏರಿಳಿತಕ್ಕೆ ಸಂಬಂಧಿಸಿದ ಅಳತೆಗಳು ಕೆಟ್ಟವು. ಕಣ ಇಳಿದದ್ದು ಒಳ್ಳೆಯದೇ, ಅಯಾನಿನಿಂದ ಬೇರೆ ತೊಂದರೆ ಇರಬಹುದು ಅನ್ನೋ ಅನುಮಾನ ಅದರಿಂದ ಬಂತು.

ಬೆಂಗಳೂರಿನ ಸುತ್ತಮುತ್ತ ಕಾಂಗ್ರೆಸ್ ಗಿಡದ ಪರಾಗ, ಹಾಸಿಗೆಯ ಧೂಳುಹುಳ, ಜಿರಲೆ, ಒದ್ದೆ ಗೋಡೆಯ ಬೂಷ್ಟು, ಹೀಗೆ ಅಲರ್ಜಿಗೆ ಕಾರಣಗಳು ಬಹಳ. ಮೊದಲು ಡಾಕ್ಟರ ಹತ್ತಿರ ಯಾವುದಕ್ಕೆ ಆಗಿಬರುವುದಿಲ್ಲ ಅಂತ ತಿಳಿದುಕೊಳ್ಳಿ. ಧೂಳುಹುಳಕ್ಕೆ ಆದರೆ ಹೊದಿಕೆ, ದಿಂಬಿನ ಕವರ್ ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ. ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಡಾಕ್ಟರ್ ಕೊಟ್ಟ ಇನ್ಹೇಲರ್ ಮಾತ್ರ ಯಾವ ಯಂತ್ರ ತಂದರೂ ನಿಲ್ಲಿಸಬೇಡಿ. ದಯವಿಟ್ಟು.

ಜೋಗದ ಹತ್ತಿರ ನಿಂತಾಗ ಹಾಯ್ ಅನಿಸುವುದು ನೆಗೆಟಿವ್ ಅಯಾನಿನಿಂದಲೇ ಅಂತಾರೆ?

ಜಲಪಾತದ ಹತ್ತಿರ ಋಣ ಅಯಾನು ಜಾಸ್ತಿ ಇರುವುದು ನಿಜ. ನೀರು ಬಿದ್ದು ಸಿಡಿಯುವಾಗ ಸಣ್ಣ ಹನಿಗಳು ಮತ್ತು ಗಾಳಿ ಚಾರ್ಜ್ ಆಗುತ್ತವೆ. ಫಿಲಿಪ್ ಲೆನಾರ್ಡ್ ಅನ್ನೋ ವಿಜ್ಞಾನಿ 1892ರಲ್ಲೇ ಇದನ್ನು ವಿವರಿಸಿದ್ದ. ಶರಾವತಿ 253 ಮೀಟರ್ ಕೆಳಗೆ ಧುಮುಕುವ ಕಡೆ ಇದು ಆಗದೇ ಇರುತ್ತದಾ? ಆದರೆ ಅಲ್ಲಿ ತಂಪಿದೆ, ತುಂತುರಿದೆ, ಸುತ್ತ ಕಾಡಿದೆ, ಆಫೀಸಿನ ಫೋನ್ ಇಲ್ಲ. ಮನಸ್ಸು ಹಗುರವಾದದ್ದಕ್ಕೆ ಅಯಾನೊಂದನ್ನೇ ಕಾರಣ ಮಾಡುವುದು ಹೇಗೆ?

ಮನಸ್ಸಿನ ವಿಷಯದಲ್ಲಿ 2013ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದರು. ತುಂಬಾ ಹೆಚ್ಚಿನ ಪ್ರಮಾಣದ ಋಣ ಅಯಾನು ಕೊಟ್ಟಾಗ ಖಿನ್ನತೆಯ ಅಂಕಗಳು ಇಳಿದದ್ದು ಕಂಡಿತು. ಆತಂಕ, ನಿದ್ದೆ, ಸಾಮಾನ್ಯ ಮನಸ್ಥಿತಿಯ ಮೇಲೆ ಒಂದೇ ರೀತಿಯ ಫಲ ಸಿಗಲಿಲ್ಲ. ಇದು ಚಿಕಿತ್ಸೆಗೆಂದೇ ಮಾಡಿದ ಯಂತ್ರದ ಮಾತು, ಗಾಳಿ ಸ್ವಚ್ಛತೆಯ ಮಾತಲ್ಲ.

ಡಬ್ಬಿಯ ಮೇಲೆ ‘2 ಕೋಟಿ ಅಯಾನು’ ಅಂತ ಇದೆ. ಜಾಸ್ತಿ ಇದ್ದಷ್ಟೂ ಒಳ್ಳೆಯದಾ?

ಆ ಲೆಕ್ಕವನ್ನು ಹೆಚ್ಚಾಗಿ ಸೂಜಿಯ ಬಾಯಲ್ಲೇ ಅಳೆದಿರುತ್ತಾರೆ. ಅಯಾನಿನ ಆಯಸ್ಸು ತುಂಬಾ ಕಡಿಮೆ, ಕೋಣೆಯ ಆ ಮೂಲೆ ತಲುಪುವಷ್ಟರಲ್ಲಿ ಬಹುಪಾಲು ಕಳೆದುಹೋಗಿರುತ್ತದೆ. ನಿಮಗೆ ಬೇಕಿರುವುದು ಅಯಾನಿನ ಲೆಕ್ಕವಲ್ಲ, ಗಂಟೆಗೆ ಎಷ್ಟು ಗಾಳಿ ಸ್ವಚ್ಛವಾಗುತ್ತದೆ ಅನ್ನೋ ಲೆಕ್ಕ. ಅದರ ಹೆಸರು ಸಿಎಡಿಆರ್. ಅದು ಬರೆದಿಲ್ಲ ಅಂದ್ರೆ ಕೊಳ್ಳಬೇಡಿ.

ಉಪ್ಪಿನ ದೀಪ, ನೆಗೆಟಿವ್ ಅಯಾನ್ ಪೆಂಡೆಂಟ್?

ಉಪ್ಪಿನ ದೀಪ ನೋಡಲು ಚೆಂದ. ಒಳಗಿನ ಬಲ್ಬಿನ ಬಿಸಿಗೆ ಉಪ್ಪು ಅಯಾನು ಬಿಡುವುದಿಲ್ಲ.

ಪೆಂಡೆಂಟ್ ವಿಷಯದಲ್ಲಿ ಹುಷಾರಾಗಿರಿ. ಕರೆಂಟಿಲ್ಲದೆ ಒಂದು ವಸ್ತು ಸದಾ ಅಯಾನು ಬಿಡುತ್ತದೆ ಅಂದರೆ ಅದರಲ್ಲಿ ವಿಕಿರಣ ಸೂಸುವ ಖನಿಜ ಬೆರೆಸಿರುವ ಸಾಧ್ಯತೆ ಇದೆ. ನೆದರ್ಲೆಂಡ್ಸ್‌ನ ಅಣು ಸುರಕ್ಷತಾ ಪ್ರಾಧಿಕಾರ 2021ರ ಡಿಸೆಂಬರಿನಲ್ಲಿ ಇಂಥ 10 ವಸ್ತುಗಳಲ್ಲಿ ವಿಕಿರಣ ಇದೆ ಎಂದು ಎಚ್ಚರಿಸಿ, ಅವನ್ನು ಧರಿಸಬೇಡಿ, ಎತ್ತಿಡಿ ಎಂದು ಜನರಿಗೆ ಹೇಳಿತು. ಅದರಲ್ಲಿ ಮಕ್ಕಳ ಬ್ರೇಸ್‌ಲೆಟ್ ಕೂಡ ಇತ್ತು.

ನಮ್ಮ ಏರ್ ಪ್ಯೂರಿಫೈಯರ್‌ನಲ್ಲಿ, ಎಸಿಯಲ್ಲಿ ‘ಅಯಾನ್’ ಬಟನ್ ಇದೆ. ಒತ್ತಬೇಕಾ?

ಹೆಪಾ ಫಿಲ್ಟರ್ (ಅತಿ ಸಣ್ಣ ಕಣಗಳನ್ನೂ ಹಿಡಿಯುವ ಒತ್ತು ನೆಯ್ಗೆಯ ಫಿಲ್ಟರ್) ಇರುವ ಪ್ಯೂರಿಫೈಯರ್‌ನಲ್ಲಿ ಕೆಲಸದ ಬಹುಪಾಲನ್ನು ಮಾಡುವುದು ಫಿಲ್ಟರ್ ಮತ್ತು ಫ್ಯಾನ್. ಅಯಾನ್ ಆಫ್ ಮಾಡಿದರೆ ಸಾಮಾನ್ಯವಾಗಿ ಏನೂ ನಷ್ಟವಿಲ್ಲ. ನನ್ನ ಸಲಹೆ, ಆಫ್ ಇರಲಿ. ಆಫ್ ಮಾಡಲು ಆಗದ ಮಾದರಿಯಾದರೆ ಓಝೋನ್ ಪರೀಕ್ಷೆಯ ಪ್ರಮಾಣಪತ್ರ ಇದೆಯಾ ನೋಡಿ. ಎಸಿಯಲ್ಲಿ ಅಯಾನ್ ಬಟನ್ನಿಗಿಂತ ಅದರ ಜಾಲರಿ ಫಿಲ್ಟರ್ ತೊಳೆಯುವುದು ಎಷ್ಟೋ ಮುಖ್ಯ.

ಹಾಗಾದರೆ ಏನು ಕೊಳ್ಳಬೇಕು?

ಫ್ಯಾನ್ ಮತ್ತು ನಿಜವಾದ ಹೆಪಾ ಫಿಲ್ಟರ್ ಇರುವ ಯಂತ್ರ. ಅಮೆರಿಕದ ಮಾನದಂಡದಲ್ಲಿ ಹೆಪಾ ಅಂದರೆ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ 99.97% ಹಿಡಿಯಬೇಕು. ‘ಹೆಪಾ ಟೈಪ್’, ‘ಹೆಪಾ ಲೈಕ್’ ಅಂದರೆ ಹೆಪಾ ಅಲ್ಲ.

ಗಾತ್ರದ ಲೆಕ್ಕ ಹೀಗೆ. ಮೇಲೆ ಹೇಳಿದ 10ಕ್ಕೆ 12 ಅಡಿ ಕೋಣೆಯ ಗಾಳಿ 34 ಘನ ಮೀಟರ್. ಗಂಟೆಗೆ ಐದು ಸಲ ಅಷ್ಟೂ ಗಾಳಿ ಸ್ವಚ್ಛವಾಗಬೇಕು ಅಂದರೆ 34ನ್ನು 5ರಿಂದ ಗುಣಿಸಿ, 170. ಸಿಎಡಿಆರ್ ಗಂಟೆಗೆ 170 ಘನ ಮೀಟರಿಗಿಂತ ಕಡಿಮೆ ಇರಬಾರದು. ಫುಲ್ ಸ್ಪೀಡಿನಲ್ಲಿ ಸದ್ದು ಜಾಸ್ತಿ ಆಗುವುದರಿಂದ ರಾತ್ರಿ ನಾವು ಅದನ್ನು ಕಡಿಮೆ ಮಾಡಿಬಿಡುತ್ತೇವೆ, ಹಾಗಾಗಿ 250ರ ಆಸುಪಾಸಿನದು ತಗೊಂಡರೆ ನೆಮ್ಮದಿ. ಕೊಳ್ಳುವಾಗಲೇ ಬದಲಿ ಫಿಲ್ಟರ್ ಬೆಲೆ ಕೇಳಿ. ಯಂತ್ರ ಅಗ್ಗ, ಫಿಲ್ಟರ್ ದುಬಾರಿ ಅನ್ನೋದು ಆಮೇಲೆ ಗೊತ್ತಾದರೆ ಕಷ್ಟ.

ದೆಹಲಿ, ಗುರುಗ್ರಾಮದಲ್ಲಿ ಇರುವ ಕನ್ನಡಿಗರಿಗೆ ನವೆಂಬರಿನಿಂದ ಜನವರಿವರೆಗೆ ಇದು ಐಷಾರಾಮವಲ್ಲ, ಅಗತ್ಯ. ಶಿವಮೊಗ್ಗ, ಮಡಿಕೇರಿ ಕಡೆ ತೋಟದ ಮನೆಯಲ್ಲಿ ಇರುವವರಿಗೆ ಬಹುಶಃ ಕಿಟಕಿ ತೆಗೆದರೆ ಸಾಕು. ಬೆಂಗಳೂರಿನಲ್ಲಿ ಮನೆ ಯಾವ ರಸ್ತೆಯಲ್ಲಿದೆ, ಪಕ್ಕದಲ್ಲಿ ಕಟ್ಟಡ ಕೆಲಸ ನಡೀತಿದೆಯಾ, ಕಸ ಸುಡುತ್ತಾರಾ ಅನ್ನೋದರ ಮೇಲೆ ಹೋಗುತ್ತದೆ. ಕೆಲವು ಸಾವಿರ ರೂಪಾಯಿಗೆ ಪಿಎಂ 2.5 ಮೀಟರ್ ಸಿಗುತ್ತದೆ, ಮೊದಲು ಒಂದನ್ನು ತಂದೋ ಎರವಲು ಪಡೆದೋ ಕೆಲವು ದಿನ ನೋಡಿ. 24 ಗಂಟೆಯ ಸರಾಸರಿಗೆ ಭಾರತದ ಮಿತಿ ಘನ ಮೀಟರಿಗೆ 60 ಮೈಕ್ರೊಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15.

ಬೂಷ್ಟು ವಾಸನೆ, ಅಡುಗೆ ವಾಸನೆ, ಗ್ಯಾಸ್ ಇವಕ್ಕೆ ಅಯಾನೈಸರ್ ಆಗುತ್ತದಾ?

ಮಂಗಳೂರು, ಮಲೆನಾಡು ಕಡೆ ಮಳೆಗಾಲದಲ್ಲಿ ಬೀರುವಿನೊಳಗೆ ಬೂಷ್ಟು ಹಿಡಿಯುವುದು ತೇವದಿಂದ. ತೇವ ಹೋಗುವವರೆಗೆ ಬೂಷ್ಟು ಹೋಗುವುದಿಲ್ಲ. ಸೋರುವ ಗೋಡೆ ಸರಿಮಾಡಿಸಿ, ಗಾಳಿಯಾಡಲು ಬಿಡಿ, ಬೇಕಾದರೆ ಡಿಹ್ಯುಮಿಡಿಫೈಯರ್ ಇಡಿ. ಅಡುಗೆಮನೆಗೆ ಹೊಗೆಯನ್ನು ಹೊರಗೆ ತಳ್ಳುವ ಎಕ್ಸಾಸ್ಟ್ ಫ್ಯಾನ್ ಬೇಕು.

ಗ್ಯಾಸ್ ಗೀಸರ್ ಬಗ್ಗೆ ಮಾತ್ರ ದಯವಿಟ್ಟು ಗಮನ ಕೊಟ್ಟು ಓದಿ. ಗಾಳಿಯಾಡದ ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್ ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಅಲ್ಲೇ ಕುಸಿದು ಜೀವ ಕಳೆದುಕೊಂಡ ಸುದ್ದಿ ನಮ್ಮ ರಾಜ್ಯದಲ್ಲೇ ಎಷ್ಟೋ ಸಲ ಬಂದಿದೆ. ಅಯಾನೈಸರ್ ಇದನ್ನು ತಡೆಯುವುದಿಲ್ಲ, ಹೆಪಾ ಫಿಲ್ಟರ್ ಕೂಡ ತಡೆಯುವುದಿಲ್ಲ. ಗೀಸರನ್ನು ಬಾತ್‌ರೂಮಿನ ಹೊರಗೆ, ಗಾಳಿಯಾಡುವ ಕಡೆ ಕೂರಿಸಬೇಕು. ಬೇರೆ ದಾರಿ ಇಲ್ಲ.

ಕಾರಿನ ಅಯಾನೈಸರ್?

ಸಣ್ಣ ಜಾಗ, ಮುಚ್ಚಿದ ಗಾಜು. ಓಝೋನ್ ಬಂದರೆ ಅಲ್ಲಿ ಬೇಗ ತುಂಬುತ್ತದೆ. ಅದರ ಬದಲು ಕ್ಯಾಬಿನ್ ಫಿಲ್ಟರ್ ಬದಲಾಯಿಸಿ, ಲಾರಿ ಹಿಂದೆ ನಿಂತಾಗ ರೀಸರ್ಕ್ಯುಲೇಷನ್ ಹಾಕಿ.

ಈಗಾಗಲೇ ತಂದುಬಿಟ್ಟಿದ್ದೇವೆ. ಏನು ಮಾಡೋಣ?

ಮೊದಲು ಮೂಸಿ ನೋಡಿ. ಚುರುಕು ವಾಸನೆ ಇದ್ದರೆ, ಅಥವಾ ಹಾಕಿದಾಗ ಮನೆಯಲ್ಲಿ ಯಾರಿಗಾದರೂ ಕೆಮ್ಮು ಜಾಸ್ತಿ ಆದರೆ, ಪ್ಲಗ್ ಕಿತ್ತು ಬದಿಗಿಡಿ. ಬೇರೆಯವರಿಗೆ ಕೊಡಲೂ ಬೇಡಿ.

ವಾಸನೆ ಇಲ್ಲ, ಪ್ಲೇಟ್ ಇರುವ ಮಾದರಿ, ತಯಾರಕರು ಓಝೋನ್ ಪ್ರಮಾಣಪತ್ರ ಕೊಟ್ಟಿದ್ದಾರೆ ಅಂದರೆ ಪರೀಕ್ಷೆ ಮಾಡಿ. ಕೋಣೆಯ ಬಾಗಿಲು ಹಾಕಿ, ಪಿಎಂ 2.5 ಮೀಟರನ್ನು ಯಂತ್ರದಿಂದ ದೂರ, ಮಂಚದ ಎತ್ತರಕ್ಕೆ ಇಡಿ. ಒಂದು ದಿನ ಯಂತ್ರ ಹಾಕಿ ಒಂದು ಗಂಟೆ, ಇನ್ನೊಂದು ದಿನ ಅದೇ ಹೊತ್ತಿಗೆ ಯಂತ್ರ ಹಾಕದೆ ಒಂದು ಗಂಟೆ ಬರೆದುಕೊಳ್ಳಿ. ಬಾಗಿಲು ಹಾಕಿದ ಮಾತ್ರಕ್ಕೇ ಕಣಗಳು ತಾವಾಗಿ ಸ್ವಲ್ಪ ಇಳಿಯುತ್ತವೆ, ಹಾಗಾಗಿ ಹಾಕದ ದಿನದ ಲೆಕ್ಕ ಬೇಕೇ ಬೇಕು. ಎರಡೂ ದಿನ ಒಂದೇ ಥರ ಬಂದರೆ ಯಂತ್ರದಿಂದ ಉಪಯೋಗ ಇಲ್ಲ. ಚೆನ್ನಾಗಿ ಇಳಿದರೆ ಇಟ್ಟುಕೊಳ್ಳಿ, ತಲೆಯ ಹತ್ತಿರ ಇಡಬೇಡಿ.

ತೊಳೆಯುವಾಗ ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಬಿಡಿ, ಒಳಗೆ ಚಾರ್ಜ್ ಉಳಿದಿರುತ್ತದೆ. ಪ್ಲೇಟನ್ನು ಸೋಪಿನ ನೀರಿನಲ್ಲಿ ಒರೆಸಿ ಪೂರ್ತಿ ಒಣಗಿಸಿ. ತೇವ ಇದ್ದರೆ ಕಿಡಿ ಹಾರುತ್ತದೆ. ಸೂಜಿ ತುದಿಯಲ್ಲಿ ಬಿಳಿ ನವಿರು ಬೆಳೆದಿದ್ದರೆ ಮೆತ್ತನೆ ಬ್ರಷ್‌ನಲ್ಲಿ ತೆಗೆಯಿರಿ. ಕೂದಲಿಗೆ ಹಚ್ಚುವ ಸೀರಮ್, ಸ್ಪ್ರೇಗಳಲ್ಲಿರುವ ಸಿಲಿಕೋನ್ ಆವಿಯಿಂದ ಅದು ಬೆಳೆಯುತ್ತದೆ, ಹಾಗಾಗಿ ಡ್ರೆಸ್ಸಿಂಗ್ ಟೇಬಲ್ ಪಕ್ಕ ಈ ಯಂತ್ರ ಇಡಬೇಡಿ.